ಚಿಲ್ಲರ್ 5 ಅಂದರೆ ಗಾಜೂ 5 ಅಲ್ಲ: ಪ್ಲಾಸ್ಮಾ ಪಾಲಿಮರ್ ಪದರಕ್ಕೆ ತಂಪು ಕೊಡುವ ಬಗೆ

ಮೇ ತಿಂಗಳ ಕಲಬುರಗಿ ಅಂದರೆ ಗೊತ್ತಲ್ಲ, 43 ಡಿಗ್ರಿ. ಚಾವಣಿ ಮೇಲಿನ ಸಿಂಟೆಕ್ಸ್ ಟ್ಯಾಂಕಿನ ನೀರಿನಲ್ಲಿ ಮಧ್ಯಾಹ್ನ ಕೈ ತೊಳೆಯುವುದೂ ಕಷ್ಟ. ನಮ್ಮ ಲ್ಯಾಬಿನಲ್ಲಿ ಪ್ಲಾಸ್ಮಾದಿಂದ, ಅಂದರೆ ಕಡಿಮೆ ಒತ್ತಡದಲ್ಲಿ ವಿದ್ಯುತ್ತಿನಿಂದ ಹೊತ್ತಿಸಿದ ಆವಿಯಿಂದ, ಗಾಜಿನ ಮೇಲೆ ತೆಳು ಪಾಲಿಮರ್ ಪದರ ಬೆಳೆಸುತ್ತೇವೆ. ಆಗಿನ್ನೂ ಚಿಲ್ಲರ್, ಅಂದರೆ ನೀರನ್ನು ತಂಪು ಮಾಡಿ ಸುತ್ತಿಸುವ ಯಂತ್ರ, ಇರಲಿಲ್ಲ. ಪ್ಲಾಸ್ಮಾ ಚೇಂಬರಿನ ಒಳಗೆ ಗಾಜಿನ ಸ್ಲೈಡ್ ಇಡುವ ತಟ್ಟೆಗೆ ಅದೇ ಟ್ಯಾಂಕಿನ ನೀರು ಹರಿಸುತ್ತಿದ್ದೆವು. ಜನವರಿಯಲ್ಲಿ ಬಂದ ಪದರಕ್ಕೂ ಮೇ ತಿಂಗಳಲ್ಲಿ ಬಂದ ಪದರಕ್ಕೂ ತಾಳೆಯೇ ಆಗುತ್ತಿರಲಿಲ್ಲ. ಪವರ್ ಅದೇ, ಹರಿವು ಅದೇ, ಸಮಯ ಅದೇ 20 ನಿಮಿಷ. ಆದರೂ ಮೇ ತಿಂಗಳ ಪದರ ತೆಳು.

ಪಿಎಚ್‌ಡಿ ಹುಡುಗ ಮಾನೋಮರ್, ಅಂದರೆ ಪದರದ ಕಚ್ಚಾ ಮಾಲಾದ ದ್ರವ, ಅದರ ಬಾಟಲಿಯನ್ನು ಬೈಯುತ್ತಾ ಕೂತಿದ್ದ. ನಾನು ಲ್ಯಾಬಿಗೆ ಬರುವ ಮೊದಲು ಆರು ವರ್ಷ ಸೂಪರ್ ಮಾರ್ಕೆಟ್ ಹತ್ತಿರ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡಿದವನು. ನನ್ನ ಕೈ ಮೊದಲು ಹೋಗುವುದೇ ಪೈಪಿನ ಮೇಲೆ. "ಈ ಪೈಪ್ ಮುಟ್ಟಿ ನೋಡ್ರಿ" ಅಂದೆ. ಮುಟ್ಟಿದವನು ಕೈ ಹಿಂದಕ್ಕೆ ಎಳೆದುಕೊಂಡ. ಅವತ್ತಿನಿಂದ ತಟ್ಟೆಯ ತಂಪಿನ ಜವಾಬ್ದಾರಿ ನನ್ನ ತಲೆಗೆ ಬಿತ್ತು. ಅಲ್ಲಿಂದ ಇಲ್ಲಿಯವರೆಗೆ ಕಲಿತದ್ದನ್ನು ಹೊಸದಾಗಿ ಶುರು ಮಾಡುವವರಿಗೆ ಬರೆಯುತ್ತಿದ್ದೇನೆ. ಸಣ್ಣ ಚೇಂಬರ್, ರೋಟರಿ ಪಂಪ್, ಪ್ಲಾಸ್ಮಾ ಹೊತ್ತಿಸಲು 13.56 ಮೆಗಾಹರ್ಟ್ಸ್‌ನ ಆರ್‌ಎಫ್ (ರೇಡಿಯೋ ಆವರ್ತನದ ವಿದ್ಯುತ್) ಸಪ್ಲೈ ಇಷ್ಟು ಇರುವವರು ನನ್ನ ಮನಸ್ಸಿನಲ್ಲಿದ್ದಾರೆ.

ತಣ್ಣಗಿದ್ದರೆ ಯಾಕೆ ಜಾಸ್ತಿ ಕೂರುತ್ತದೆ

ಮಾನೋಮರ್ ಆವಿ ಪ್ಲಾಸ್ಮಾದೊಳಗೆ ಬಂದರೆ ಅದರ ಅಣುಗಳು ಒಡೆಯುತ್ತವೆ. ಒಡೆದ ಚೂರುಗಳು, ಅರೆ ಒಡೆದವು, ಒಡೆಯದೇ ಉಳಿದವು ಎಲ್ಲವೂ ಗಾಜಿನ ಮೇಲೆ ಬಂದು ಬೀಳುತ್ತವೆ. ಬಿದ್ದ ತಕ್ಷಣ ಅಂಟುವುದಿಲ್ಲ. ಸ್ವಲ್ಪ ಹೊತ್ತು ಮೇಲ್ಮೈಯಲ್ಲಿ ಸುಮ್ನೆ ಕೂತಿರುತ್ತವೆ. ಅಷ್ಟರಲ್ಲಿ ಪಕ್ಕದ ಚೂರಿನ ಜೊತೆ ಬಂಧ ಬಿದ್ದರೆ ಪದರವಾಯಿತು. ಇಲ್ಲದಿದ್ದರೆ ಎದ್ದು ಮತ್ತೆ ಪಂಪಿನ ದಾರಿ ಹಿಡಿಯುತ್ತವೆ. ಗಾಜು ಬಿಸಿ ಇದ್ದಷ್ಟೂ ಕೂರುವ ಹೊತ್ತು ಕಡಿಮೆ, ತಣ್ಣಗಿದ್ದಷ್ಟೂ ಜಾಸ್ತಿ.

ಸಾಮಾನ್ಯವಾಗಿ ಬಿಸಿ ಮಾಡಿದರೆ ರಾಸಾಯನಿಕ ಕ್ರಿಯೆ ಜೋರಾಗುತ್ತದೆ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಇಲ್ಲಿ ಪದರ ಬೆಳೆಯುವ ವೇಗ ಉಲ್ಟಾ. ಬಿಸಿ ಏರಿದಂತೆ ವೇಗ ಇಳಿಯುತ್ತದೆ. ಇದು ತಲೆಗೆ ಹತ್ತಲು ನನಗೆ ಒಂದು ವಾರ ಬೇಕಾಯಿತು.

ಪದರದ ಗುಣವೂ ಬದಲಾಗುತ್ತದೆ. ವಿಜ್ಞಾನಿಗಳಾದ ಗೇಬ್ರಿಯಲ್ ಲೋಪೆಜ್ ಮತ್ತು ಬಡ್ಡಿ ರ್‍ಯಾಟ್ನರ್ 1990ರ ದಶಕದ ಆರಂಭದಲ್ಲಿ ಮಾಡಿದ ಕೆಲಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ: ಮೇಲ್ಮೈ ತಣ್ಣಗಿದ್ದರೆ ಮೂಲ ಮಾನೋಮರ್‌ನಲ್ಲಿದ್ದ ರಾಸಾಯನಿಕ ಗುಂಪುಗಳು ಪದರದಲ್ಲೂ ಹೆಚ್ಚು ಉಳಿಯುತ್ತವೆ. ಒಡೆಯದ ಅಣುಗಳಿಗೂ ಕೂತು ಸೇರಿಕೊಳ್ಳಲು ಸಮಯ ಸಿಗುತ್ತದೆ ಅಲ್ವಾ, ಅದಕ್ಕೆ. ಬಿಸಿ ಇದ್ದರೆ ಪದರ ನಿಧಾನ ಬೆಳೆದರೂ ಒತ್ತಾಗಿ, ಗಟ್ಟಿಯಾಗಿ, ಒಂದಕ್ಕೊಂದು ಹೆಣೆದುಕೊಂಡು ಬರುತ್ತದೆ.

ಹಾಗಾಗಿ ನಿಮಗೆ ಏನು ಬೇಕು ಎಂದು ಮೊದಲು ತೀರ್ಮಾನಿಸಿ. ನೀರಿಗೆ ಒಗ್ಗುವ, ಆಸಿಡ್ ಗುಂಪು ಇರುವ ಮೇಲ್ಮೈ ಬೇಕಾದರೆ, ಉದಾಹರಣೆಗೆ ಅಕ್ರಿಲಿಕ್ ಆಸಿಡ್ ಪದರ, ತಂಪು ನಿಮ್ಮ ಗೆಳೆಯ. ಲೋಹ ಮಂಕಾಗದಂತೆ ಕಾಯುವ ಪದರ ಬೇಕಾದರೆ, ಉದಾಹರಣೆಗೆ ಹೆಕ್ಸಾಮಿಥೈಲ್‌ಡೈಸಿಲೊಕ್ಸೇನ್‌ನಿಂದ ಮಾಡುವ, ಸಿಲಿಕಾನ್ ಅಂಶ ಇರುವ ಪದರ, ಬಹಳ ತಂಪು ಬೇಡವೇ ಬೇಡ. ಲ್ಯಾಬಿನಲ್ಲಿ ಇದನ್ನು ಎಚ್‌ಎಂಡಿಎಸ್‌ಒ ಅನ್ನುತ್ತೇವೆ, ನಾನೂ ಮುಂದೆ ಹಾಗೇ ಬರೆಯುತ್ತೇನೆ. ಅದಕ್ಕೆ ಒಂದೇ ಉಷ್ಣತೆ ಕೊನೆಯವರೆಗೂ ನಿಂತರೆ ಸಾಕು.

ನೀರು ಸಾಲದು ಅನ್ನುವುದು ಸುಳ್ಳು

ಚಿಲ್ಲರ್ ಬಂದ ಮೇಲೆ ಎಲ್ಲ ಸರಿಹೋಯಿತು ಅಂದುಕೊಂಡೆವು. ಪರದೆ ಮೇಲೆ 5 ಡಿಗ್ರಿ. ಪದರ ಮಾತ್ರ ಒಂದು ದಿನ ದಪ್ಪ, ಒಂದು ದಿನ ತೆಳು. "ಅಣ್ಣಾ, ಚಿಲ್ಲರ್ ಐದು ತೋರಸ್ತದ, ಮತ್ತ್ಯಾಕ ಹಿಂಗಾಗ್ಲತ್ತದ?" ಅಂತ ಹುಡುಗ ದಿನಾ ಕೇಳುವವ. ನೀರಿನ ಹರಿವು ಹೆಚ್ಚಿಸೋಣ, ದೊಡ್ಡ ಪಂಪ್ ತರಿಸೋಣ ಎಂದು ಮಾತು ಶುರುವಾಯಿತು.

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಪ್ಲಾಸ್ಮಾಕ್ಕೆ ಕೊಡುವ 50 ವ್ಯಾಟ್ ಪೂರ್ತಿ ತಟ್ಟೆಗೇ ಬಂತು ಅಂತಲೇ ಇಟ್ಟುಕೊಳ್ಳಿ. ನಿಮಿಷಕ್ಕೆ ಒಂದು ಲೀಟರ್ ನೀರು ಹರಿದರೆ ಆ ನೀರು ಬಿಸಿಯಾಗುವುದು ಮುಕ್ಕಾಲು ಡಿಗ್ರಿಗಿಂತ ಕಡಿಮೆ. ಅಂದರೆ ನೀರಿನದು ತಪ್ಪಿಲ್ಲ. ಗಾಜಿನದೂ ಅಲ್ಲ. ಒಂದು ಚದರ ಸೆಂಟಿಮೀಟರಿಗೆ 0.1 ವ್ಯಾಟ್ ಬಿದ್ದರೆ, ಒಂದು ಮಿಲಿಮೀಟರ್ ದಪ್ಪದ ಗಾಜಿನ ಮೇಲ್ಮುಖಕ್ಕೂ ಕೆಳಮುಖಕ್ಕೂ ಇರುವ ಉಷ್ಣತೆಯ ವ್ಯತ್ಯಾಸ ಒಂದು ಡಿಗ್ರಿ ಆಸುಪಾಸು ಅಷ್ಟೇ.

ಕಳ್ಳ ಇರುವುದು ಗಾಜಿಗೂ ತಟ್ಟೆಗೂ ನಡುವೆ. ಒಂದು ಶಹಾಬಾದ್ ಕಲ್ಲಿನ ಮೇಲೆ ಇನ್ನೊಂದು ಶಹಾಬಾದ್ ಕಲ್ಲು ಇಟ್ಟು ಒತ್ತಿ ನೋಡಿದ್ದೀರಾ? ಎರಡೂ ಸಪಾಟಾಗಿ ಕಾಣುತ್ತವೆ, ಆದರೆ ಟಕ್ ಟಕ್ ಅಂತ ಅಲ್ಲಾಡುತ್ತವೆ. ಮುಟ್ಟಿರುವುದು ಮೂರೋ ನಾಲ್ಕೋ ಕಡೆ ಮಾತ್ರ. ಸ್ಲೈಡಿಗೂ ತಟ್ಟೆಗೂ ಅದೇ ಕಥೆ. ಹೊರಗಡೆ ಆ ಸಂದಿಯಲ್ಲಿ ಗಾಳಿ ಇರುತ್ತದೆ, ಅದು ಬಿಸಿ ದಾಟಿಸುತ್ತದೆ. ಚೇಂಬರಿನಲ್ಲಿ 10 ಪಾಸ್ಕಲ್ ಒತ್ತಡ ಅಂದರೆ ಗಾಳಿಯ ಹತ್ತು ಸಾವಿರದಲ್ಲಿ ಒಂದು ಪಾಲು. ಆ ಸಂದಿಯಲ್ಲಿ ಬಿಸಿ ದಾಟಿಸುವವರೇ ಇಲ್ಲ. ಅದೇ 0.1 ವ್ಯಾಟಿಗೆ ಗಾಜು ತಟ್ಟೆಗಿಂತ 50-60 ಡಿಗ್ರಿ ಮೇಲೆ ಹೋಗಬಹುದು ಎಂದು ನನ್ನ ಅಂದಾಜು ಲೆಕ್ಕ ಹೇಳುತ್ತದೆ. ಚಿಲ್ಲರ್ 5 ತೋರಿಸುತ್ತಾ ಕೂತಿರುತ್ತದೆ, ಗಾಜು 60 ದಾಟಿರುತ್ತದೆ.

ಹಾಗಾದರೆ ಏನು ಮಾಡಬೇಕು? ತಟ್ಟೆ ತಾಮ್ರದ್ದೋ ಅಲ್ಯುಮಿನಿಯಂದೋ ಇರಲಿ. ಸ್ಟೇನ್‌ಲೆಸ್ ಸ್ಟೀಲ್ ತಟ್ಟೆ ನೋಡಲು ಚೆಂದ, ಆದರೆ ತಾಮ್ರ ದಾಟಿಸುವ ಬಿಸಿಯ ಇಪ್ಪತ್ತರಲ್ಲಿ ಒಂದು ಪಾಲನ್ನೂ ದಾಟಿಸುವುದಿಲ್ಲ. ಮೇಲ್ಮೈಯನ್ನು ನುಣ್ಣಗೆ ಉಜ್ಜಿಸಿ. ಸ್ಲೈಡನ್ನು ನಾಲ್ಕೂ ಮೂಲೆಯಲ್ಲಿ ಕ್ಲಿಪ್ ಹಾಕಿ ಒತ್ತಿ ಹಿಡಿಸಿ. ನಡುವೆ ಇಂಡಿಯಂ ಹಾಳೆ ಇಟ್ಟರೆ ಬಹಳ ಒಳ್ಳೆಯದು. ಅದು ಕತ್ತರಿಯಲ್ಲಿ ಕತ್ತರಿಸುವಷ್ಟು ಮೆದು, ಒತ್ತಿದರೆ ಸಂದಿಯೆಲ್ಲ ತುಂಬುತ್ತದೆ. ಬೆಲೆ ಮಾತ್ರ ಕಣ್ಣು ಕತ್ತಲೆ ಬರುವಂಥದ್ದು, ಆದರೆ ಒಂದೇ ಚೂರನ್ನು ನಾವು ತಿಂಗಳುಗಟ್ಟಲೆ ಬಳಸುತ್ತೇವೆ.

ಹಾಳೆ ಇಲ್ಲದಿದ್ದರೆ ವ್ಯಾಕ್ಯೂಮ್ ಗ್ರೀಸ್‌ನ ತೆಳು ಲೇಪ. ಇಲ್ಲಿ ಒಂದು ಎಚ್ಚರ: ಸಿಲಿಕೋನ್ ಗ್ರೀಸ್ ಬೇಡ. ಅದು ಮೆಲ್ಲಗೆ ಹರಿದು ಗಾಜಿನ ಮೇಲ್ಮುಖಕ್ಕೂ ಬರುತ್ತದೆ, ಪದರ ಕಿತ್ತು ಬರುತ್ತದೆ. ಎಚ್‌ಎಂಡಿಎಸ್‌ಒ ಹಾಕುವಾಗಲಂತೂ ಕಂಡ ಸಿಲಿಕಾನ್ ಪದರದ್ದೋ ಗ್ರೀಸಿನದೋ ಎಂದು ದೇವರೇ ಹೇಳಬೇಕು. ಅಪಿಯೆಜಾನ್ ತರಹದ ಹೈಡ್ರೋಕಾರ್ಬನ್ ಗ್ರೀಸ್ ತೆಗೆದುಕೊಳ್ಳಿ, ಬೆರಳಿನಲ್ಲಿ ಹಚ್ಚಿ ಒರೆಸಿ ಬಿಟ್ಟಷ್ಟು ಸಾಕು.

ತಟ್ಟೆಯನ್ನು ಆದಷ್ಟು ಅರ್ಥ್ ಕಡೆಯ ಎಲೆಕ್ಟ್ರೋಡ್ ಮೇಲೆ ಇಡಿ. ಆರ್‌ಎಫ್ ಬರುವ ಎಲೆಕ್ಟ್ರೋಡನ್ನೇ ತಂಪು ಮಾಡಬೇಕಾದರೆ ಡಿಅಯೋನೈಸ್ಡ್ (ಉಪ್ಪು ತೆಗೆದ) ನೀರು, ಉದ್ದನೆಯ ಪ್ಲಾಸ್ಟಿಕ್ ಪೈಪ್ ಬೇಕು. ನಮ್ಮ ಬೋರ್‌ವೆಲ್ ನೀರಿನ ಉಪ್ಪಿಗೆ ಆರ್‌ಎಫ್ ನೀರಿನ ದಾರಿಯಲ್ಲೇ ಹೊರಗೆ ಹರಿದು ಬರುತ್ತದೆ.

ಗಾಜಿನ ಉಷ್ಣತೆ ಅಳೆಯುವುದು

ಉಷ್ಣತೆ ಅಳೆಯುವ ತಂತಿ, ಅಂದರೆ ಥರ್ಮೋಕಪಲ್, ಅದರ ತುದಿಯನ್ನು ಗಾಜಿನ ಮೇಲ್ಮುಖಕ್ಕೆ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪಿನಿಂದ ಅಂಟಿಸಿ. ಪ್ಲಾಸ್ಮಾ ಹೊತ್ತಿಕೊಂಡ ಕೂಡಲೇ ಮೀಟರ್ ಹುಚ್ಚು ಹಿಡಿದಂತೆ ಕುಣಿಯುತ್ತದೆ, ಹೆದರಬೇಡಿ. ಆರ್‌ಎಫ್ ಅದರೊಳಗೆ ನುಗ್ಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ನಾಲ್ಕೈದು ಸೆಕೆಂಡ್ ಆರ್‌ಎಫ್ ಆರಿಸಿ, ಅಂಕಿ ನಿಂತ ತಕ್ಷಣ ಬರೆದುಕೊಳ್ಳಿ. ಅಷ್ಟರಲ್ಲಿ ಗಾಜು ಬಹಳ ತಣ್ಣಗಾಗುವುದಿಲ್ಲ. ನಿಜವಾದ ಮಾದರಿ ಹಾಕುವ ಮುಂಚೆ ಒಂದು ಖಾಲಿ ಸ್ಲೈಡಿನಲ್ಲಿ ಹೀಗೆ ಪೂರ್ತಿ ಒಂದು ಓಟ ಮಾಡಿ. ಈ ಓಟ ಬಿಟ್ಟರೆ ಮುಂದಿನದೆಲ್ಲ ಕತ್ತಲಲ್ಲಿ ತಡಕಾಟ.

ದಪ್ಪ ಅಳೆಯಲು ಕ್ವಾರ್ಟ್ಜ್ ಕ್ರಿಸ್ಟಲ್ ಮಾನಿಟರ್ ಇದ್ದರೆ ಬೀಳಲು ಇನ್ನೊಂದು ಗುಂಡಿ ಇದೆ. ಆ ಕ್ರಿಸ್ಟಲ್‌ಗೆ ಅದರದೇ ನೀರಿನ ಪೈಪ್ ಇರುತ್ತದೆ, ಅದು ಯಾವಾಗಲೂ ತಣ್ಣಗೆ. ನಿಮ್ಮ ಗಾಜು ಬಿಸಿ. ಅಲ್ಲಿ ಕೂತದ್ದು ಇಲ್ಲಿ ಕೂರುವುದಿಲ್ಲ. ಮಾನಿಟರ್ 300 ನ್ಯಾನೋಮೀಟರ್ ಅಂದ ದಿನ ಸ್ಲೈಡಿನ ಮೇಲೆ ಅದರ ಅರ್ಧವೂ ಇಲ್ಲದ್ದನ್ನು ನಾನು ಕಂಡಿದ್ದೇನೆ.

ಬಡವರ ದಾರಿ ಒಂದಿದೆ, ನನಗೆ ಅದೇ ಇಷ್ಟ. ಸ್ಲೈಡಿನ ಪಕ್ಕ ಹೊಳಪಿನ ಸಿಲಿಕಾನ್ ವೇಫರಿನ ಚೂರು ಇಡಿ. ಪದರ ಬೆಳೆದಂತೆ ಬಣ್ಣ ಬರುತ್ತದೆ. 50 ನ್ಯಾನೋಮೀಟರಿಗೆ ಕಂದು ಛಾಯೆ, 100ರ ಸುತ್ತ ನೇರಳೆ, 150 ಆದರೆ ತಿಳಿ ನೀಲಿ. ಚೂರಿನ ತುಂಬ ಒಂದೇ ಬಣ್ಣ ಬಂದರೆ ತಂಪೂ ಎಲ್ಲ ಕಡೆ ಒಂದೇ. ನಡುವೆ ನೀಲಿ, ಅಂಚಿಗೆ ಕಂದು ಬಂತೋ, ಒಂದು ಕಡೆ ಗ್ರೀಸ್ ಹತ್ತಿಲ್ಲವೇ ಎಂದು ಮೊದಲು ನೋಡಿ. ತೂಕ ಮಾಡಿ ದಪ್ಪ ಹೇಳುತ್ತೇವೆ ಅನ್ನುವವರಿಗೆ ಒಂದು ಮಾತು: ಮಾಮೂಲಿ ಸ್ಲೈಡಿನ ಮೇಲೆ 100 ನ್ಯಾನೋಮೀಟರ್ ಪದರದ ತೂಕ ಸುಮಾರು 0.2 ಮಿಲಿಗ್ರಾಂ. ನಾಲ್ಕು ದಶಾಂಶದ ತಕ್ಕಡಿಗೆ ಅದು ಸಿಕ್ಕೂ ಸಿಗದಂತೆ.

ಎಷ್ಟು ತಂಪು?

ನನ್ನ ದೊಡ್ಡ ತಪ್ಪು ಇಲ್ಲೇ ಆದದ್ದು. ಚಿಲ್ಲರಿಗೆ ನೀರು ಮತ್ತು ಎಥಿಲೀನ್ ಗ್ಲೈಕಾಲ್ ಅರ್ಧಕ್ಕರ್ಧ ಹಾಕಿದರೆ −35ರ ಸುತ್ತ ತನಕ ಹೆಪ್ಪುಗಟ್ಟದು ಎಂದು ಗೊತ್ತಿತ್ತು. ಸರಿ, ಇಳಿಸೇ ಬಿಡೋಣ ಎಂದು ಅಕ್ರಿಲಿಕ್ ಆಸಿಡ್ ಇಟ್ಟುಕೊಂಡು −20ಕ್ಕೆ ತಂದೆ. ಸಿಲಿಕಾನ್ ಚೂರಿನ ಬಣ್ಣ ನೋಡಿ ಕುಣಿದಾಡಿದೆವು, ಮೊದಲಿನ ಮೂರು ಪಟ್ಟು ದಪ್ಪ. ಇನ್‌ಫ್ರಾರೆಡ್ ಪರೀಕ್ಷೆಯಲ್ಲಿ 1710 ಸೆಂ.ಮೀ⁻¹ ಹತ್ತಿರ ಆಸಿಡ್ ಗುಂಪಿನ ಗುರುತು ಬೆಟ್ಟದ ಹಾಗೆ ಎದ್ದಿತ್ತು. ಸಂಜೆ ಹುಡುಗ ಸ್ಲೈಡನ್ನು ನೀರಿನಲ್ಲಿ ಅದ್ದಿ ಚಹಾ ಕುಡಿಯಲು ಹೋದ. ಬಂದು ನೋಡಿದರೆ ಗಾಜು ಹೊಸ ಸ್ಲೈಡಿನಷ್ಟು ಬೋಳು. ನಮಗೆ ಸಿಕ್ಕಿದ್ದು ಪಾಲಿಮರ್ ಅಲ್ಲ, ಗಾಜಿನ ಮೇಲೆ ಇಬ್ಬನಿಯಂತೆ ಕೂತ ಮಾನೋಮರ್ ಮತ್ತು ಅದರ ಸಣ್ಣ ಸಣ್ಣ ಸರಪಳಿಗಳು.

ಪ್ರತಿ ಮಾನೋಮರಿಗೂ ಅದರದೇ ಇಬ್ಬನಿ ಗೆರೆ ಇದೆ. ಚೇಂಬರಿನ ಒತ್ತಡದಲ್ಲಿ ಅದು ಎಷ್ಟು ಡಿಗ್ರಿಗೆ ದ್ರವವಾಗಿಯೋ ಗಟ್ಟಿಯಾಗಿಯೋ ಕೂರುತ್ತದೋ ಆ ಗೆರೆ. ಎಚ್‌ಎಂಡಿಎಸ್‌ಒ ಬೇಗ ಹಾರುವ ಜಾತಿ, 100 ಡಿಗ್ರಿಗೆ ಕುದಿಯುತ್ತದೆ. 10 ಪಾಸ್ಕಲ್‌ನಲ್ಲಿ ಅದರ ಗೆರೆ −50ಕ್ಕಿಂತ ಕೆಳಗಿದೆ, ಮಾಮೂಲಿ ಚಿಲ್ಲರಿನಿಂದ ಮುಟ್ಟಲಾಗದು. ಅಕ್ರಿಲಿಕ್ ಆಸಿಡ್ ಕುದಿಯುವುದು 141ಕ್ಕೆ. ಅದರ ಗೆರೆ ಬಹಳ ಮೇಲಿದೆ. ಪ್ಲಾಸ್ಮಾದಲ್ಲಿ ಎರಡು ಮೂರು ಅಣು ಸೇರಿ ಭಾರವಾದ ಚೂರುಗಳು ಅದಕ್ಕೂ ಮೊದಲೇ ಕೂರುತ್ತವೆ.

ಗೆರೆ ಹುಡುಕಲು ಪುಸ್ತಕವೇ ಬೇಕಿಲ್ಲ. ಪ್ಲಾಸ್ಮಾ ಹಚ್ಚದೆ ಮಾನೋಮರ್ ಮಾತ್ರ ಬಿಡಿ. ಹರಿವು, ಪಂಪ್ ವಾಲ್ವ್ ಎರಡನ್ನೂ ಮುಟ್ಟದೆ ತಟ್ಟೆಯ ಉಷ್ಣತೆಯನ್ನು ಐದೈದು ಡಿಗ್ರಿ ಇಳಿಸುತ್ತಾ ಬನ್ನಿ. ಒತ್ತಡ ಒಂದೇ ಸಮ ನಿಂತಿದ್ದರೆ ಚಿಂತೆ ಇಲ್ಲ. ಎಲ್ಲಿಂದ ಒತ್ತಡ ತಾನಾಗಿ ಕುಸಿಯಲು ಶುರುವಾಗುತ್ತದೋ ಅಲ್ಲಿಂದ ತಟ್ಟೆಯೇ ಒಂದು ಪಂಪ್ ಆಗಿ ಆವಿಯನ್ನು ಹಿಡಿಯುತ್ತಿದೆ ಎಂದು ಅರ್ಥ. ಅದಕ್ಕಿಂತ 15-20 ಡಿಗ್ರಿ ಮೇಲೆಯೇ ನಿಮ್ಮ ಕೆಲಸ ಇಟ್ಟುಕೊಳ್ಳಿ. ಅಕ್ರಿಲಿಕ್ ಆಸಿಡಿಗೆ ಗಾಜಿನ ಮೇಲೆ 5ರಿಂದ 15 ಡಿಗ್ರಿ ಇಟ್ಟು ಶುರು ಮಾಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಎಚ್‌ಎಂಡಿಎಸ್‌ಒಗೆ 20-25 ಸಾಕು. ನಮ್ಮ ಬೇಸಿಗೆಯಲ್ಲಿ 25 ನಿಲ್ಲಿಸುವುದೂ ಚಿಲ್ಲರ್ ಕೆಲಸವೇ.

ತಂಪು ಮಾಡಿದಾಗ ಪವರ್ ಕಡೆಗೂ ಕಣ್ಣಿರಲಿ. ವಿಜ್ಞಾನಿ ಹಿರೋತ್ಸುಗು ಯಾಸುದಾ ಕೊಟ್ಟ ಅಳತೆ ಈಗಲೂ ಎಲ್ಲರ ಕೈಪಿಡಿ: ಪವರ್ ಅನ್ನು ಮಾನೋಮರ್ ಹರಿವು ಮತ್ತು ಅಣುತೂಕದ ಗುಣಲಬ್ಧದಿಂದ ಭಾಗಿಸುವುದು. ಒಂದೊಂದು ಗ್ರಾಂ ಮಾನೋಮರಿಗೆ ಎಷ್ಟು ಶಕ್ತಿಯ ಪಾಲು ಸಿಕ್ಕಿತು ಅನ್ನುವ ಲೆಕ್ಕ ಅದು. ಪಾಲು ಕಡಿಮೆ, ಜೊತೆಗೆ ತಂಪೂ ಜಾಸ್ತಿ ಆದರೆ ಪದರ ತೊಳೆದು ಹೋಗುವಂಥದ್ದೇ. ನೀರಿನಲ್ಲಿ ಕರಗುತ್ತಿದ್ದರೆ ಇನ್ನಷ್ಟು ತಂಪು ಮಾಡುವುದು ಮದ್ದಲ್ಲ. ಸ್ವಲ್ಪ ಪವರ್ ಏರಿಸಿ, ಅಥವಾ ಹತ್ತು ಡಿಗ್ರಿ ಮೇಲೆ ಬನ್ನಿ. ನಾವು ಮೊದಲ ಒಂದು ನಿಮಿಷ ಜೋರು ಪವರಿನಲ್ಲಿ ಗಟ್ಟಿ ಬುಡ ಹಾಕಿ, ಆಮೇಲೆ ಪವರ್ ಇಳಿಸಿ ಮೇಲಿನ ಮೆದು ಪದರ ಹಾಕುತ್ತೇವೆ. ಆರ್‌ಎಫ್ ಅನ್ನು ಬಿಟ್ಟು ಬಿಟ್ಟು ಕೊಡುವ ಪಲ್ಸ್ ಸೌಲಭ್ಯ ಇದ್ದರೆ ಗಾಜು ಬಿಸಿಯಾಗುವುದೇ ಕಡಿಮೆ, ಅರ್ಧ ಜಗಳ ಅಲ್ಲೇ ಮುಗಿಯಿತು.

ಕರೆಂಟ್ ಕೊಟ್ಟರೆ ಒಂದು ಮುಖ ತಣ್ಣಗಾಗುವ ಪೆಲ್ಟಿಯರ್ ಮಾಡ್ಯೂಲ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದರಲ್ಲಿ ಟಿಇಸಿ1-12706 ಅನ್ನುವ ಮಾದರಿ ಅಗ್ಗ, ಸುಲಭವಾಗಿ ಸಿಗುತ್ತದೆ. ಆದರೆ ಅದು ಬಿಸಿಯನ್ನು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಸಾಗಿಸುತ್ತದೆ ಅಷ್ಟೇ, ನುಂಗುವುದಿಲ್ಲ. ಬಿಸಿ ಮುಖಕ್ಕೆ ನೀರಿನ ಬ್ಲಾಕ್ ಇರಲೇಬೇಕು. ವ್ಯಾಕ್ಯೂಮಿನಲ್ಲಿ ಫ್ಯಾನ್ ಹಾಕಿದರೆ ಏನೂ ಬರುವುದಿಲ್ಲ. ಒಂದನ್ನು ನಾನೇ ಹೀಗೆ ಸುಟ್ಟಿದ್ದೇನೆ. ಫ್ರಿಜ್ ರಿಪೇರಿಯವನು ಈ ತಪ್ಪು ಮಾಡಿದ ಅಂತ ಇನ್ನೂ ನಗುತ್ತಾರೆ.

ಲಿಕ್ವಿಡ್ ನೈಟ್ರೋಜನ್ ನಮ್ಮ ಕಡೆ ಅಪರೂಪವೇನಲ್ಲ. ದನಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿ ಇಡುವ ಕ್ಯಾನುಗಳಲ್ಲಿ ಇರುವುದು ಅದೇ. ತಟ್ಟೆಗೆ ಮಾತ್ರ ಅದನ್ನು ಬಳಸಬೇಡಿ, −196 ಯಾರಿಗೂ ಬೇಡ. ಪಂಪಿಗೆ ಮುಂಚೆ ಆವಿ ಹಿಡಿಯುವ ಕೋಲ್ಡ್ ಟ್ರ್ಯಾಪಿಗೆ ಸರಿ. ಅಲ್ಲೂ ಟ್ರ್ಯಾಪ್ ತಣ್ಣಗಿರುವಾಗ ಗಾಳಿಯನ್ನು ಒಳಗೆ ಎಳೆಯಬೇಡಿ. ಗಾಳಿಯ ಆಮ್ಲಜನಕ −183ಕ್ಕೇ ದ್ರವವಾಗುತ್ತದೆ. ಹಿಡಿದಿಟ್ಟ ಮಾನೋಮರ್ ಜೊತೆ ಅದು ಸೇರಿದರೆ ಸಿಡಿಯಬಹುದು. ಟ್ರ್ಯಾಪ್ ಬಿಚ್ಚುವುದು, ಕರಗಿಸುವುದು ಫ್ಯೂಮ್ ಹುಡ್ (ಆವಿಯನ್ನು ಹೊರಗೆ ಎಳೆಯುವ ಗೂಡು) ಒಳಗೇ ಆಗಲಿ.

ಹಿಂದು ಮುಂದು ಆಗಬಾರದು

ಮೊದಲು ಪಂಪ್, ಆಮೇಲೆ ತಂಪು. ಮೊದಲೇ ತಟ್ಟೆ ತಣ್ಣಗೆ ಮಾಡಿ ಚೇಂಬರ್ ತೆರೆದು ಸ್ಲೈಡ್ ಇಟ್ಟರೆ ಗಾಜಿನ ಮೇಲೆ ನೀರು ಬೆವರುತ್ತದೆ, ಪದರ ಆ ನೀರಿನ ಮೇಲೆ ಕೂರುತ್ತದೆ. ಮುಗಿಯುವಾಗ ಉಲ್ಟಾ: ಆರ್‌ಎಫ್ ಆರಿಸಿ, ಮಾನೋಮರನ್ನು ಇನ್ನೂ ಐದು ನಿಮಿಷ ಹರಿಯಲು ಬಿಡಿ. ಪದರದಲ್ಲಿ ಬಂಧ ಸಿಗದೆ ಕಾಯುತ್ತಿರುವ ತುದಿಗಳು ಇರುತ್ತವೆ, ಹೊರಗಿನ ಆಮ್ಲಜನಕ ಸಿಗುವ ಮೊದಲು ಅವುಗಳಿಗೆ ಮಾನೋಮರ್ ಸಿಗಲಿ. ಆಮೇಲೆ ಮಾನೋಮರ್ ನಿಲ್ಲಿಸಿ, ಪಂಪ್ ಓಡುತ್ತಿರುವಾಗಲೇ ತಟ್ಟೆಯನ್ನು ಬೆಚ್ಚಗಾಗಿಸಿ. ಗಾಜು ಕೋಣೆಯ ಉಷ್ಣತೆಗೆ ಬಂದ ಮೇಲೆ ಒಣ ನೈಟ್ರೋಜನ್ ಬಿಟ್ಟು ತೆರೆಯಿರಿ. ಮಳೆಗಾಲದಲ್ಲಿ ಇದು ಇನ್ನೂ ಮುಖ್ಯ. ಜುಲೈಯಲ್ಲಿ 18 ಡಿಗ್ರಿಯ ಗಾಜು ಕೂಡ ಬೆವರುವುದನ್ನು ನೋಡಿದ್ದೇನೆ.

ನಡುವೆ ಕರೆಂಟ್ ಹೋದರೆ ಮೊದಲು ಮಾನೋಮರ್ ವಾಲ್ವ್ ಮುಚ್ಚಿ, ಆಮೇಲೆ ಪಂಪಿನ ವಾಲ್ವ್. ಆ ಸ್ಲೈಡನ್ನು ಎಸೆಯಿರಿ. ಮತ್ತೆ ಶುರು ಮಾಡಿ ಮುಂದುವರಿಸಿದ ಪದರದಲ್ಲಿ ಎರಡು ಉಷ್ಣತೆಯ ಎರಡು ಪದರ ಇರುತ್ತದೆ.

ಚಳಿಗಾಲದ ಒಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಕ್ರಿಲಿಕ್ ಆಸಿಡ್ 13-14 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಬೀದರಿನ ಡಿಸೆಂಬರ್ ರಾತ್ರಿಗೆ ಬಾಟಲಿ ಬೆಳಿಗ್ಗೆ ಕಲ್ಲಾಗಿರುತ್ತದೆ. ಬಿಸಿ ನೀರಿನಲ್ಲೋ ಹೀಟರ್ ಮುಂದೆಯೋ ಇಡಬೇಡಿ. ತಾನಾಗಿ ಪಾಲಿಮರ್ ಆಗದಂತೆ ತಡೆಯಲು ಅದರಲ್ಲಿ ಬೆರೆಸಿರುವ ಪದಾರ್ಥ ಹರಳಿನೊಳಗೆ ಹೋಗದೆ ಉಳಿದ ದ್ರವದಲ್ಲೇ ನಿಲ್ಲುತ್ತದೆ. ತಡೆಯಿಲ್ಲದ ಭಾಗ ಬಿಸಿ ಕಂಡರೆ ಕೈ ಮೀರುತ್ತದೆ. ಕೋಣೆಯ ಬೆಚ್ಚಗೆಗೆ ಬಿಟ್ಟು, ಪೂರ್ತಿ ಕರಗಿಸಿ, ಚೆನ್ನಾಗಿ ಕಲಕಿದ ಮೇಲೆಯೇ ಬಳಸಿ. ಅರ್ಧ ಕರಗಿದ ಬಾಟಲಿಯಿಂದ ಒಂದು ಹನಿಯೂ ತೆಗೆಯಬೇಡಿ.

ಬಿದ್ರಿ ಬಿಲ್ಲೆ

ನನ್ನ ಸೋದರಮಾವ ಬೀದರಿನಲ್ಲಿ ಬಿದ್ರಿ ಕೆಲಸ ಮಾಡುತ್ತಾರೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ನವಸಾಗರದಲ್ಲಿ ಕಪ್ಪು ಮಾಡುವ ಕೆಲಸ. ಬೆಳ್ಳಿ ಕಾಲಕ್ಕೆ ಮಂಕಾಗುತ್ತದೆ ಎಂದು ಅವರ ಕೊರಗು. ಒಂದು ಸಣ್ಣ ಬಿಲ್ಲೆ ಕೊಡಿ ಮಾವ, ನೋಡೋಣ ಅಂದೆ.

ಮೊದಲ ದಿನ ವ್ಯಾಕ್ಯೂಮೇ ಬರಲಿಲ್ಲ. ಕಪ್ಪು ಮಿಂಚಲಿ ಎಂದು ಕೊನೆಗೆ ಎಣ್ಣೆ ಉಜ್ಜಿರುತ್ತಾರೆ, ಅದು ಚೇಂಬರಿನಲ್ಲಿ ಆವಿಯಾಗುತ್ತಾ ಕೂತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಮೂರು ಸಲ ತೊಳೆದೆ. "ಎಣ್ಣಿ ತಗದ್ರ ಕರಿ ಮಂಕ ಕಾಣ್ತದಲ್ಲೋ" ಎಂದು ಮಾವ ಬೇಜಾರಾದರು. ಎರಡನೇ ತೊಂದರೆ ಬುಡದ್ದು. ಎರಕದ ತುಂಡು, ಕೆಳಗೆ ಸಪಾಟಿಲ್ಲ. ಲೋಹ ಅಲ್ವಾ, ತಾನೇ ತಂಪಾಗುತ್ತದೆ ಅಂದುಕೊಂಡಿದ್ದೆ. 40 ವ್ಯಾಟಿನಲ್ಲಿ ಅರ್ಧ ಗಂಟೆಗೆ 58 ಡಿಗ್ರಿಗೆ ಹೋಗಿತ್ತು. ಕೆಳಮುಖವನ್ನು ನೀರು ಹಾಕಿ ಉಜ್ಜುವ ಮರಳು ಕಾಗದದಲ್ಲಿ ಉಜ್ಜಿ, ಇಂಡಿಯಂ ಚೂರು ಇಟ್ಟು ಒತ್ತಿ ಹಿಡಿಸಿದ ಮೇಲೆ 27ಕ್ಕೆ ನಿಂತಿತು. ಅರ್ಧ ಭಾಗಕ್ಕೆ ಟೇಪ್ ಹಾಕಿ ಮುಚ್ಚಿ, ಉಳಿದರ್ಧಕ್ಕೆ ಎಚ್‌ಎಂಡಿಎಸ್‌ಒ ಪದರ ಹಾಕಿದೆ. ದಪ್ಪ 100ಕ್ಕಿಂತ ಕಡಿಮೆ ಇಟ್ಟೆ. ಜಾಸ್ತಿ ಆದರೆ ಬೆಳ್ಳಿಯ ಮೇಲೆ ಬಣ್ಣ ಕಾಣುತ್ತದೆ, ಮಾವ ಒಪ್ಪುವುದಿಲ್ಲ.

ಆ ಬಿಲ್ಲೆ ಎರಡು ವರ್ಷದಿಂದ ಅವರ ಅಂಗಡಿಯ ಕಪಾಟಿನಲ್ಲಿದೆ. ಟೇಪ್ ಇದ್ದ ಅರ್ಧದ ಬೆಳ್ಳಿ ಹಳದಿಗೆ ತಿರುಗಿದೆ, ಇನ್ನರ್ಧ ಇನ್ನೂ ಬೆಳ್ಳಗಿದೆ. ಗಿರಾಕಿಗಳು ಬಂದು ಕೇಳಿದರೆ ಮಾವ ಹಳದಿ ಅರ್ಧವನ್ನೇ ಮುಂದೆ ಮಾಡಿ, ಹಳೇ ಮಾಲು ಅಂತ ಹೆಚ್ಚಿನ ಬೆಲೆ ಹೇಳುತ್ತಾರೆ.